ಶಾಸ್ತ್ರ ಬೇಡ, ಕಾನೂನಿನ ರಕ್ಷಣೆ ಬೇಕು ಎನ್ನುವ ಜೋಡಿಗಳಿಗೆ

ವರೋಪಚಾರ, ಹಂದರ, ಊಟದ ಖರ್ಚು ಯಾವುದೂ ಬೇಡ. ಆದರೆ ನಾಳೆ ಆಸ್ತಿ, ಪಿಂಚಣಿ, ಮಕ್ಕಳ ಮಾತು ಬಂದಾಗ ಕಾನೂನು ಕೈಬಿಡಬಾರದು. ಹೀಗೆನ್ನುವ ಗಂಡು–ಹೆಣ್ಣಿಗೆ ಇಂಗ್ಲೆಂಡಿನಲ್ಲಿ ‘ಸಿವಿಲ್ ಪಾರ್ಟ್‌ನರ್‌ಶಿಪ್’ ಇದೆ. ಮೊದಲು ಸಲಿಂಗಿಗಳಿಗೆ ಮಾತ್ರ ಇದ್ದ ಈ ಅವಕಾಶಕ್ಕಾಗಿ, ಮದುವೆ ಎಂಬುದೇ ಗಂಡಿನ ಯಜಮಾನಿಕೆಯ ಪದ್ಧತಿ ಎಂದು ವಾದಿಸಿದ ಜೋಡಿಯೊಂದು 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. 2019ರ ಡಿಸೆಂಬರ್ 31ರಿಂದ ಅದು ಗಂಡು–ಹೆಣ್ಣಿನ ಜೋಡಿಗಳಿಗೂ ಸಿಕ್ಕಿತು. ನಮ್ಮ ದೇಶದಲ್ಲಿ ಇಂಥ ಕಾನೂನಿಲ್ಲ. ಇರುವುದರಲ್ಲಿ ಹತ್ತಿರದ್ದು 1954ರ ವಿಶೇಷ ವಿವಾಹ ಕಾಯ್ದೆ.

‘ರಜಿಸ್ಟರ್ ಮದುವೆ’ಯಲ್ಲಿ ಎರಡು ಬಗೆ
ಹಿಂದೂ ವಿವಾಹ ಕಾಯ್ದೆಯ ನೋಂದಣಿ, ಆಗಿಹೋದ ಮದುವೆಗೆ ದಾಖಲೆ ಅಷ್ಟೇ. ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಪಡೆದರೆ ಅದು ಮದುವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ತಾಳಿ, ಅಕ್ಕಿಕಾಳು ಇಲ್ಲದೆ ಮದುವೆಯಾಗಬೇಕೆಂದರೆ ವಿಶೇಷ ವಿವಾಹ ಕಾಯ್ದೆಯಡಿಯೇ ಅರ್ಜಿ ಹಾಕಬೇಕು.

ಕ್ರಮ ಹೀಗಿದೆ
• ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು.
• ಇಬ್ಬರಲ್ಲಿ ಒಬ್ಬರಾದರೂ ಆ ವಿವಾಹಾಧಿಕಾರಿಯ ವ್ಯಾಪ್ತಿಯಲ್ಲಿ 30 ದಿನ ವಾಸವಿದ್ದಿರಬೇಕು. ಉಪನೋಂದಣಿ ಕಚೇರಿಯಲ್ಲಿ ವಿಚಾರಿಸಿ.
• ನೋಟಿಸನ್ನು ಕಚೇರಿಯ ಫಲಕಕ್ಕೆ ಹಚ್ಚುತ್ತಾರೆ. ಮೂಡಲಗಿಯ ಕಾಯಂ ನಿವಾಸಿ ಹುಕ್ಕೇರಿಯಲ್ಲಿ ಅರ್ಜಿ ಕೊಟ್ಟರೆ, ಅದರ ಪ್ರತಿ ಅವನ ಊರಿನ ವ್ಯಾಪ್ತಿಯ ಕಚೇರಿಗೂ ಹೋಗುತ್ತದೆ.
• 30 ದಿನ ಕಳೆದ ಮೇಲೆ, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ, ಮೂವರು ಸಾಕ್ಷಿಗಳ ಮುಂದೆ ‘ನಿನ್ನನ್ನು ಪತಿಯಾಗಿ, ಪತ್ನಿಯಾಗಿ ಸ್ವೀಕರಿಸುತ್ತೇನೆ’ ಎಂದು ಪರಸ್ಪರ ಹೇಳಿ ಸಹಿ ಹಾಕಬೇಕು. ಕನ್ನಡದಲ್ಲೇ ಹೇಳಬಹುದು.

ತಕರಾರು ಬಂದರೆ
ಜಾತಿ ಬೇರೆ, ಧರ್ಮ ಬೇರೆ, ಹಿರಿಯರು ಒಪ್ಪಿಲ್ಲ ಎಂಬ ತಕರಾರು ನಿಲ್ಲುವುದಿಲ್ಲ. ಮೊದಲ ಸಂಗಾತಿ ಬದುಕಿರುವುದು, ವಯಸ್ಸು, ಮಾನಸಿಕ ಅಸಮರ್ಥತೆ, ನಿಷಿದ್ಧ ಸಂಬಂಧ ಇವಷ್ಟೇ ಕಾರಣಗಳು. ಸೋದರಮಾವ, ಅತ್ತೆಯ ಮಗ ಈ ನಿಷಿದ್ಧ ಪಟ್ಟಿಯಲ್ಲೇ ಬರುತ್ತಾರೆ. ನಮ್ಮ ಕಡೆ ಇಂಥ ಸಂಬಂಧ ಸಾಮಾನ್ಯವಾದ್ದರಿಂದ ಮೊದಲೇ ವಕೀಲರನ್ನು ಕೇಳಿ. ಅಧಿಕಾರಿ ಮದುವೆ ನಿರಾಕರಿಸಿದರೆ 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು.

ಪೊಲೀಸರು ಕರೆದರೆ
ನೆರೆಯ ಮುರಗೋಡ ಠಾಣೆಯ ಪ್ರಕರಣ ನೆನಪಿಡಿ. ಮಗಳು ಕಾಣೆಯಾಗಿದ್ದಾಳೆಂದು ತಂದೆ ದೂರು ಕೊಟ್ಟಿದ್ದರು. ಮದುವೆಯಾಗಿದೆ ಎಂದು ಆಕೆ ತಿಳಿಸಿದರೂ ಠಾಣೆಗೇ ಬಂದು ಹೇಳಿಕೆ ಕೊಡಬೇಕೆಂದು ತನಿಖಾಧಿಕಾರಿ ಪಟ್ಟು ಹಿಡಿದರು. 2021ರ ಫೆಬ್ರುವರಿ 8ರಂದು ಸುಪ್ರೀಂ ಕೋರ್ಟ್ ಎಫ್‌ಐಆರ್ ರದ್ದು ಮಾಡಿತು. ವಯಸ್ಕರಿಬ್ಬರು ಒಪ್ಪಿದರೆ ಮನೆತನದ, ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದಿತು.

ಮದುವೆಯಾಗದೆ ಕೂಡಿ ಬಾಳಿದರೆ
ಅದು ಅಪರಾಧವಲ್ಲ. ಮದುವೆಯಂಥ ಸಂಬಂಧದಲ್ಲಿರುವ ಹೆಣ್ಣಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆಯೂ ಇದೆ. ಆದರೆ ಗಂಡಿಗೆ ಮೊದಲೇ ಮದುವೆಯಾಗಿದೆ ಎಂದು ಗೊತ್ತಿದ್ದೂ ಜೊತೆಗಿದ್ದವಳಿಗೆ ಅದು ಸಿಗದು ಎಂದು ಬೆಂಗಳೂರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಸಂಗಾತಿ ತೀರಿಕೊಂಡರೆ ಆಸ್ತಿಯಲ್ಲಿ ಹೆಂಡತಿಯ ಪಾಲು ತಾನಾಗಿ ಬರುವುದಿಲ್ಲ. ಇಬ್ಬರೂ ಉಯಿಲು ಬರೆದಿಡುವುದು ಲೇಸು.

ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇರಲಿ, ಸರಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಜೀವಭಯವಿದ್ದರೆ ನೋಟಿಸ್ ಫಲಕಕ್ಕೆ ಏರುವ ಮೊದಲೇ ಎಸ್‌ಪಿ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದಿಟ್ಟುಕೊಳ್ಳಿ.