ಟೈರಿನ ಸವಕಳಿ

ನನ್ನ ಮಾಮುವಿನ ಮಗ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಾರೆ. ಅವರ ಕಾರಿಗೆ ಎರಡು ಸೆಟ್ ಟೈರ್. ಒಂದು ಬೇಸಿಗೆಗೆ, ಇನ್ನೊಂದು ಹಿಮ ಬೀಳುವ ಕಾಲಕ್ಕೆ. ಇದನ್ನು ಕೇಳಿ ಅಬ್ಬಾ ನಕ್ಕರು. "ನಮಗೆ ಒಂದು ಸೆಟ್ ಹಾಕಿಸುವುದೇ ಕಷ್ಟ ಬೇಟಾ, ಅವರಿಗೆ ಎರಡು ಯಾಕೆ?" ಎಂದರು. ಲೆಕ್ಕಶಾಸ್ತ್ರ ಓದುವ ನಾನು ಉತ್ತರ ಹುಡುಕಿದೆ.

ಸುಮಾರು 7 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಸಾಮಾನ್ಯ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರ್ ಮೆತ್ತಗೇ ಉಳಿಯುತ್ತದೆ. ಅದರ ಮೇಲಿನ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಪಕ್ಕದಲ್ಲಿ ಮೂರು ಶಿಖರ ಮತ್ತು ಹಿಮದ ಹರಳಿನ ಗುರುತು ಇರುತ್ತದೆ. ಆಲ್-ಸೀಸನ್ ಟೈರ್ ಮಳೆಗೆ, ಅಲ್ಪ ಚಳಿಗೆ ಸಾಕು. ದಟ್ಟ ಹಿಮದಲ್ಲಿ ಬ್ರೇಕ್ ಹಾಕಿದರೆ ಗಾಡಿ ಬೇಗ ನಿಲ್ಲುವುದಿಲ್ಲ. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಅದೇ ಟೈರ್ ನಮ್ಮ ಮೇ ತಿಂಗಳ ಬಿಸಿಲಲ್ಲಿ ಬೇಗ ಸವೆದುಹೋದೀತು.

ಈಗ ಲೆಕ್ಕ. ಒಂದು ಸೆಟ್‌ಗೆ 40,000 ರೂ., ಬಾಳಿಕೆ 4 ವರ್ಷ ಎಂದಿಟ್ಟುಕೊಳ್ಳಿ. ಎರಡು ಸೆಟ್‌ಗೆ 80,000 ರೂ. ಆದರೆ ಒಂದು ಓಡುವಾಗ ಇನ್ನೊಂದು ವಿಶ್ರಾಂತಿಯಲ್ಲಿರುತ್ತದೆ, ಹೀಗಾಗಿ ಎರಡೂ ಸೇರಿ ಸುಮಾರು 8 ವರ್ಷ ಬರುತ್ತವೆ. ವರ್ಷದ ಖರ್ಚು ಎರಡರಲ್ಲೂ ಹೆಚ್ಚುಕಡಿಮೆ 10,000 ರೂ. ಹೆಚ್ಚಿಗೆ ಬೀಳುವುದು ಟೈರ್ ಬದಲಿಸುವ ಕೂಲಿ, ಇಡುವ ಜಾಗ ಮತ್ತು ಒಮ್ಮೆಲೇ ಹಾಕಬೇಕಾದ ಬಂಡವಾಳ.

ನಮ್ಮಲ್ಲಿ ಹಿಮವಿಲ್ಲ, ಕೆಸರಿದೆ. ಬೀದರ್ ನಗರ ಕೆಂಪು ಮುರ್ರಂ ನೆಲದ ಮೇಲಿದೆ. ಕೆಳಗಿಳಿದು ಭಾಲ್ಕಿ, ಔರಾದ್ ಕಡೆ ಹೋದರೆ ಎರೆ ಮಣ್ಣು. ಮಳೆಗಾಲದಲ್ಲಿ ಟ್ರ್ಯಾಕ್ಟರ್‌ಗಳು ಹೊಲದ ಮಣ್ಣನ್ನು ಡಾಂಬರಿಗೆ ತರುತ್ತವೆ. ನೆನೆದರೆ ಅದು ಸಾಬೂನಿನಂತೆ ಜಾರುತ್ತದೆ. ಟೈರಿನ ಗೆರೆಗಳು ಸವೆದಿದ್ದರೆ ನೀರು, ಕೆಸರು ಹೊರಹೋಗಲು ದಾರಿಯೇ ಇಲ್ಲ.

ಹೋದ ವರ್ಷ ಮಿರಗ ಮಳೆಗೆ ಮುಂಚೆ ಅಬ್ಬಾ ಅವರ ಗೂಡ್ಸ್ ಆಟೋದ ಮುಂದಿನ ಟೈರ್ ನುಣ್ಣಗಾಗಿತ್ತು. ಅದೇ ವಾರ ನನ್ನ ಪ್ರವೇಶ ಶುಲ್ಕ ಕಟ್ಟಬೇಕಿತ್ತು. "ಟೈರ್ ಮಳೆ ಮುಗಿದ ಮೇಲೆ ನೋಡೋಣ" ಎಂದರು. ಶುಲ್ಕ ನನ್ನದಾದ್ದರಿಂದ ನಾನೂ ಸುಮ್ಮನಿದ್ದೆ. ಜುಲೈನಲ್ಲಿ ಭಾಲ್ಕಿ ರಸ್ತೆಯಲ್ಲಿ ಗಾಡಿ ಜಾರಿತು, ಅಬ್ಬಾ ಅವರ ಬಲಗೈ ಮುರಿಯಿತು. ಟೈರಿನ ಬೆಲೆ ಅವರ ನಾಲ್ಕು ದಿನದ ದುಡಿಮೆ; ಗಾಡಿ ನಿಂತದ್ದು ಆರು ವಾರ.

ನಮ್ಮ ಪುಸ್ತಕದಲ್ಲಿ ಸವಕಳಿ ಎಂಬ ಪಾಠವಿದೆ. ಆಸ್ತಿ ದಿನವೂ ಸವೆಯುತ್ತದೆ, ಆ ಖರ್ಚನ್ನು ಆಗಲೇ ಲೆಕ್ಕಕ್ಕೆ ತರಬೇಕು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಆ ಮಾತಿನ ಅರ್ಥ ತಿಳಿದದ್ದು ಆಸ್ಪತ್ರೆಯಲ್ಲಿ. ಈಗ ಅಮ್ಮಿ ದಿನಕ್ಕೆ 10 ರೂ. ಡಬ್ಬಿಗೆ ಹಾಕುತ್ತಾರೆ. ಈ ವರ್ಷ ಮೇ ತಿಂಗಳಲ್ಲೇ ಹೊಸ ಟೈರ್ ಬಂತು.

ಸ್ನೇಹಿತರೇ, ಇಂದು ಸಂಜೆ ಮನೆಯ ಗಾಡಿಯ ಟೈರ್ ನೋಡಿ. ಗೆರೆಗಳ ನಡುವಿನ ಸಣ್ಣ ಉಬ್ಬುಗಳು ಮೇಲ್ಮೈಗೆ ಸಮನಾಗಿದ್ದರೆ ಆ ಟೈರ್ ಮುಗಿದಂತೆ. ಪಕ್ಕದ ನಾಲ್ಕು ಅಂಕಿಗಳನ್ನೂ ಓದಿ: 2322 ಎಂದರೆ 2022ರ 23ನೇ ವಾರ ತಯಾರಾದದ್ದು. ಕಂಡದ್ದನ್ನು ಮನೆಯವರಿಗೆ ಹೇಳಿ, ನನ್ನಂತೆ ಸುಮ್ಮನಿರಬೇಡಿ.