ಇಂಗ್ಲಿಷ್ ಕಲಿಸುವವರನ್ನು ಪರೀಕ್ಷಿಸುವ ಬಗೆ



ನಮ್ಮ ವಾಚನಾಲಯದ ಸಂಜೆಯ ಇಂಗ್ಲಿಷ್ ವರ್ಗಕ್ಕೆ ಶಿಕ್ಷಕರನ್ನು ಆರಿಸುವ ಕೆಲಸ ಮತ್ತೆ ಬಂದಿದೆ. ಕಳೆದ ಸಲ ಆರಿಸಿದ ಮೂವರಲ್ಲಿ ನಾನೂ ಒಬ್ಬನಾಗಿದ್ದೆ. ಆಗ ಬಂದಿದ್ದ ಗೃಹಸ್ಥರು ನೀರು ಹರಿದಂತೆ ಇಂಗ್ಲಿಷ್ ಮಾತನಾಡಿದರು. ನಾವು ಮೂವರೂ ಮುಖ ಮುಖ ನೋಡಿಕೊಂಡು ಐದೇ ನಿಮಿಷಗಳಲ್ಲಿ ಒಪ್ಪಿಬಿಟ್ಟೆವು. ಆಷಾಢದಲ್ಲಿ ವರ್ಗ ಆರಂಭವಾದಾಗ ಹಾಜರಿ ಪಟ್ಟಿಯಲ್ಲಿ 26 ಹೆಸರುಗಳಿದ್ದವು. ದೀಪಾವಳಿಯ ಹೊತ್ತಿಗೆ ಉಳಿದವರು 7 ಮಂದಿ.

ಬಿಟ್ಟುಹೋದವರಲ್ಲಿ ಕಲಬುರ್ಗಿಯ ಕಡೆಯ ಲೇಥ್ ಕೆಲಸಗಾರನೊಬ್ಬನಿದ್ದ. ಎರಡನೆಯ ಪಾಳಿ ಇಲ್ಲದ ದಿನ ಒಮ್ಮೆಯೂ ತಪ್ಪಿಸಿದವನಲ್ಲ. ಏಕೆ ಬಿಟ್ಟೆಯಪ್ಪಾ ಎಂದು ಕೇಳಿದೆ. "ಅವರಿಗಿ ಇಂಗ್ಲಿಷ್ ಭಾಳ ಛೊಲೊ ಬರ್ತದರಿ ಅಣ್ಣಾರ, ಖರೆ ಅದು ಅವರ ಹಂತೇಕೇ ಉಳೀತರಿ" ಎಂದ. ಆ ವರ್ಷ ಅವನು ತಪಾಸಣೆ ವಿಭಾಗದ ಬಡ್ತಿಗೆ ಅರ್ಜಿ ಹಾಕಲಿಲ್ಲ. ಅಲ್ಲಿ ಪ್ರತಿ ಪಾಳಿಯ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ.

ತಪ್ಪು ಆ ಗೃಹಸ್ಥರದಲ್ಲ, ನಮ್ಮದು. ಅವರಿಗೆ ಇಂಗ್ಲಿಷ್ ಬರುತ್ತದೆಯೇ ಎಂದಷ್ಟೇ ನಾವು ನೋಡಿದೆವು. ಕಲಿಸಲು ಬರುತ್ತದೆಯೇ ಎಂದು ನೋಡಲಿಲ್ಲ. ಈ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವುದು ಹೇಗೆ ಎಂಬುದೇ ಇಂದಿನ ಪಾಠ. ವರ್ಗಕ್ಕೆ ಶಿಕ್ಷಕರನ್ನು ಆರಿಸುವ ನಮಗೆ ಇದು ಬೇಕು. ಹೊಟ್ಟೆ ಕಟ್ಟಿ ಮಕ್ಕಳನ್ನು ಶಿಕವಣಿಗೆ ಕಳಿಸುವ ತಂದೆತಾಯಿಗಳಿಗೂ ಬೇಕು. ಶಿಕ್ಷಕರಾಗಬೇಕೆಂದು ಓದುತ್ತಿರುವ ನಮ್ಮ ತಂಗಿಯರಿಗೂ ತಮ್ಮಂದಿರಿಗೂ ಬೇಕು.

1. ಬರುವುದು ಬೇರೆ, ಬಿಡಿಸಿ ಹೇಳುವುದು ಬೇರೆ

ನಿಮ್ಮ ಚಾಳಿನ ಮರಾಠಿ ನೆರೆಯವರೊಬ್ಬರು ಕನ್ನಡ ಕಲಿಯುತ್ತಿದ್ದಾರೆಂದು ತಿಳಿಯಿರಿ. ಅವರು "ಬಸ್ಸು ಬಂದಳು" ಎನ್ನುತ್ತಾರೆ. ನಾವು ನಕ್ಕು, "ಬಂದಳು ಅಲ್ಲ, ಬಂತು ಅನ್ನಬೇಕು" ಎಂದು ತಿದ್ದುತ್ತೇವೆ. "ಏಕೆ?" ಎಂದು ಅವರು ಕೇಳಿದರೆ? "ಕನ್ನಡದಲ್ಲಿ ಹಾಗೇ" ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ನಮ್ಮಲ್ಲಿ ಬಹಳ ಮಂದಿಗೆ ತೋಚದು. ಮರಾಠಿಯಲ್ಲಿ ಬಸ್ಸು ಸ್ತ್ರೀಲಿಂಗ. "ಬಸ್ ಆಲೀ" ಎನ್ನುತ್ತಾರೆ. ಕನ್ನಡದಲ್ಲಿ ಜೀವವಿಲ್ಲದ ವಸ್ತುಗಳೆಲ್ಲ ಸಾಮಾನ್ಯವಾಗಿ ನಪುಂಸಕಲಿಂಗ. ಇಷ್ಟು ಗೊತ್ತಿದ್ದವನು ನೆರೆಯವರ ತಪ್ಪಿನ ಬೇರನ್ನೇ ಹಿಡಿದು ತಿದ್ದಬಲ್ಲ. ಹುಟ್ಟಿದಂದಿನಿಂದ ಕನ್ನಡವಾಡಿದ ನಮಗೂ ಈ ಕೆಲಸ ಸುಲಭವಲ್ಲ. ಚೆನ್ನಾಗಿ ಇಂಗ್ಲಿಷ್ ಆಡುವವರ ಪಾಡೂ ಇದೇ.

2. ಒಂದು ವಾಕ್ಯ, ನಾಲ್ಕು ಪ್ರಶ್ನೆಗಳು

ಕಳೆದ ವರ್ಷದ ಅಭ್ಯಾಸದ ವಹಿಯೊಂದರಲ್ಲಿ ಈ ವಾಕ್ಯ ಇತ್ತು: "ಎಸ್ಟರ್‌ಡೇ ನೈಟ್ ಮಶೀನ್ ಈಸ್ ಕ್ಲೋಸ್." ನಿನ್ನೆ ರಾತ್ರಿ ಮಶೀನು ಬಂದ್ ಆಯಿತು ಎಂಬುದು ಬರೆದವನ ಅಭಿಪ್ರಾಯ. ಶಿಕ್ಷಕರಾಗಿ ಬರುವವರ ಮುಂದೆ ಈ ವಾಕ್ಯವನ್ನಿಟ್ಟು ನಾಲ್ಕು ಪ್ರಶ್ನೆ ಕೇಳಬಹುದು.

ಮೊದಲನೆಯದು: ಇದನ್ನು ತಿದ್ದಿ ಬರೆಯಿರಿ. "ದ ಮಶೀನ್ ಸ್ಟಾಪ್ಡ್ ಲಾಸ್ಟ್ ನೈಟ್" ಎಂದು ಬರೆದರೆ ಅವರಿಗೆ ಭಾಷೆ ಬರುತ್ತದೆ ಎಂದಾಯಿತು.

ಎರಡನೆಯದು: ಮೊದಲಿನದು ಏಕೆ ತಪ್ಪು? ಆಗಿಹೋದ ಸಂಗತಿಗೆ "ಈಸ್" ಸಲ್ಲದು. "ಕ್ಲೋಸ್" ಎಂಬುದು ಬಾಗಿಲಿಗೆ, ಅಂಗಡಿಗೆ ಹೊಂದುವ ಮಾತು. ಯಂತ್ರ ನಿಂತರೆ "ಸ್ಟಾಪ್". ಓದುವವರಿಗೂ ಯಾವ ಮಶೀನೆಂದು ಗೊತ್ತಿರುವುದರಿಂದ "ದ" ಬೇಕು. ಹೀಗೆ ಹೇಳಬಲ್ಲವರು ಭಾಷೆಯನ್ನು ಬಲ್ಲರು, ಭಾಷೆಯ ನಿಯಮವನ್ನೂ ಬಲ್ಲರು.

ಮೂರನೆಯದು: ವಿದ್ಯಾರ್ಥಿ ಹೀಗೇಕೆ ಬರೆದ? ಕನ್ನಡ ಮರಾಠಿಗಳೆರಡರಲ್ಲಿಯೂ ಬಾಗಿಲು ಬಂದ್, ಅಂಗಡಿ ಬಂದ್, ಮಶೀನೂ ಬಂದ್. ಆ ಒಂದು ಶಬ್ದಕ್ಕೆ ಅವನು ಒಂದೇ ಇಂಗ್ಲಿಷ್ ಶಬ್ದವನ್ನು ಜೋಡಿಸಿದ. "ದ" ಎಂಬುದಕ್ಕೆ ಸರಿಯಾದ ಮಾತು ಕನ್ನಡದಲ್ಲಿಲ್ಲ; ಆದುದರಿಂದ ಅದು ಅವನ ಮನಸ್ಸಿಗೇ ಬರಲಿಲ್ಲ. ಮೊದಲ ಪಾಠದಲ್ಲಿ "ದಿಸ್ ಈಸ್" ಎಂದು ನೂರು ಸಲ ಹೇಳಿಸಿದ್ದರಿಂದ ಎಲ್ಲ ವಾಕ್ಯಕ್ಕೂ "ಈಸ್" ಬೇಕೆಂದು ಅವನು ಭಾವಿಸಿರಬಹುದು. ಇಷ್ಟನ್ನು ಊಹಿಸಬಲ್ಲ ಶಿಕ್ಷಕರು ವಿದ್ಯಾರ್ಥಿಯನ್ನು ದಡ್ಡನೆನ್ನುವುದಿಲ್ಲ.

ನಾಲ್ಕನೆಯದು: ನಾಳೆಯ ವರ್ಗದಲ್ಲಿ ಏನು ಮಾಡುವಿರಿ? "ಹತ್ತು ಸಲ ಬರೆಸುತ್ತೇನೆ" ಎಂದರೆ ಆ ಉತ್ತರ ಸಾಲದು. ಮೂರು ತಪ್ಪುಗಳನ್ನೂ ಒಂದೇ ದಿನ ತಿದ್ದಹೊರಟರೆ ಒಂದೂ ತಲೆಗೆ ಹತ್ತುವುದಿಲ್ಲ. ವರದಿಗೆ ಮೊದಲು ಬೇಕಾದದ್ದು ಭೂತಕಾಲ. ಅದೊಂದನ್ನೇ ಹಿಡಿದು, ನಿಮ್ಮ ಪಾಳಿಯಲ್ಲಿ ನಿನ್ನೆ ಏನೇನಾಯಿತೆಂದು ಒಬ್ಬೊಬ್ಬರನ್ನೂ ಕೇಳಬಹುದು: "ದ ಬೆಲ್ಟ್ ಬ್ರೋಕ್," "ದ ಪವರ್ ಫೇಲ್ಡ್," "ದ ಲಾರಿ ಕೇಮ್ ಲೇಟ್." ಹೀಗೆ ಯೋಚಿಸುವವರಿಗೆ ಕಲಿಸುವ ತಿಳಿವಳಿಕೆ ಇದೆ.

ಕಳೆದ ವರ್ಷ ನಾವು ಮೊದಲನೆಯ ಪ್ರಶ್ನೆಯ ಹೊಸ್ತಿಲಲ್ಲಿಯೇ ನಿಂತೆವು. ಒಳಗೆ ಹೋಗಲೇ ಇಲ್ಲ.

3. ಹೊರಗಿನ ದೇಶಗಳಲ್ಲಿ

ಇದು ನಮಗೊಬ್ಬರಿಗೇ ಎದುರಾದ ತೊಡಕಲ್ಲ. ಅಮೇರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ 1875ರಲ್ಲಿ ಪ್ರಾಥಮಿಕ ಶಿಕ್ಷಕರಿಗೆ ನಡೆದ ಪರೀಕ್ಷೆಯಲ್ಲಿ ಒಟ್ಟು 1000 ಅಂಕಗಳಿದ್ದವು; ಅವುಗಳಲ್ಲಿ ಬೋಧನಾ ಕ್ರಮಕ್ಕೆ ಮೀಸಲಾದವು ಬರೇ 50. ನೂರು ವರ್ಷ ಕಳೆಯುವಷ್ಟರಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿ, ಕಲಿಸುವ ವಿಧಾನಕ್ಕೇ ಮಹತ್ವ ಬಂದು ವಿಷಯಜ್ಞಾನ ಹಿಂದೆ ಬಿತ್ತು. ಲೀ ಶುಲ್ಮನ್ ಎಂಬ ವಿದ್ವಾಂಸರು 1986ರ ಲೇಖನವೊಂದರಲ್ಲಿ ಇದನ್ನೇ ತೋರಿಸಿಕೊಟ್ಟರು. ವಿಷಯ ಬಲ್ಲವನ ಜ್ಞಾನಕ್ಕೂ ಕಲಿಸುವ ವಿಧಾನ ಬಲ್ಲವನ ಜ್ಞಾನಕ್ಕೂ ನಡುವೆ, ಆ ವಿಷಯವನ್ನು ಕಲಿಯುವವನಿಗೆ ತಿಳಿಯುವಂತೆ ಮಾಡುವ ಜ್ಞಾನವೆಂಬುದೊಂದಿದೆ, ಅದೇ ಶಿಕ್ಷಕನ ಸ್ವಂತ ಸೊತ್ತು ಎಂಬುದು ಅವರ ವಾದ. ನಮ್ಮ ಮೂರನೆಯ ನಾಲ್ಕನೆಯ ಪ್ರಶ್ನೆಗಳು ಆ ಜಾಗಕ್ಕೆ ಸೇರಿದವು.

ಹಾಂಗ್‌ಕಾಂಗಿನಲ್ಲಿ 2001ರಿಂದ ಇಂಗ್ಲಿಷ್ ಶಿಕ್ಷಕರ ಭಾಷೆಯನ್ನು ಐದು ಭಾಗಗಳಲ್ಲಿ ಪರೀಕ್ಷಿಸತೊಡಗಿದರು: ಓದುವುದು, ಬರೆಯುವುದು, ಕೇಳುವುದು, ಮಾತನಾಡುವುದು, ಮತ್ತು ವರ್ಗದಲ್ಲಿ ಬಳಸುವ ಭಾಷೆ. ಬರವಣಿಗೆಯ ಭಾಗದಲ್ಲಿ ವಿದ್ಯಾರ್ಥಿಯ ತಪ್ಪುಗಳನ್ನು ತಿದ್ದುವುದರ ಜೊತೆಗೆ ಅವು ಏಕೆ ತಪ್ಪೆಂದು ವಿವರಿಸಲೂ ಬೇಕಾಗಿತ್ತು. ಹಲವರು ತಿದ್ದುವುದರಲ್ಲಿ ಗೆದ್ದು ವಿವರಿಸುವುದರಲ್ಲಿ ಎಡವಿದರು. ಕೊನೆಯ ಭಾಗಕ್ಕೆ ಪರೀಕ್ಷಕರು ನಿಜವಾದ ವರ್ಗದಲ್ಲಿಯೇ ಕುಳಿತು ಕೇಳುತ್ತಿದ್ದರು.

ಕೇಂಬ್ರಿಜ್ ವಿಶ್ವವಿದ್ಯಾಲಯದ ಪರೀಕ್ಷಾ ಮಂಡಳಿಯವರು 2005ರಲ್ಲಿ ಇಂಗ್ಲಿಷ್ ಶಿಕ್ಷಕರ ಬೋಧನಾಜ್ಞಾನಕ್ಕಾಗಿಯೇ ಬೇರೊಂದು ಪರೀಕ್ಷೆ ಆರಂಭಿಸಿದರು. ಅದರಲ್ಲಿ ಮೂರು ಭಾಗಗಳು: ಭಾಷೆ ಮತ್ತು ಕಲಿಕೆಯ ಹಿನ್ನೆಲೆ, ಪಾಠದ ಯೋಜನೆ, ವರ್ಗದ ನಿರ್ವಹಣೆ. ಪ್ರತಿ ಭಾಗಕ್ಕೆ 80 ನಿಮಿಷ, 80 ಪ್ರಶ್ನೆ. ಪಾಸು ನಪಾಸು ಎಂಬುದಿಲ್ಲ. 1ರಿಂದ 4ರವರೆಗೆ ದರ್ಜೆ ಕೊಡುತ್ತಾರೆ. ಆದರೆ ಕಾಗದದ ಮೇಲಿನ ಈ ಉತ್ತರಗಳಿಂದ ಶಿಕ್ಷಕರ ಮಾತು ಹೇಗಿದೆಯೆಂದಾಗಲಿ, ವರ್ಗದಲ್ಲಿ ಅವರು ಹೇಗೆ ನಡೆದುಕೊಳ್ಳುವರೆಂದಾಗಲಿ ತಿಳಿಯುವುದಿಲ್ಲ.

4. ನಮ್ಮಲ್ಲಿ

ಮಹಾರಾಷ್ಟ್ರದಲ್ಲಿ 2000ದ ವರ್ಷದಿಂದ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ಕಲಿಸತೊಡಗಿದರು. ಆಗ ಶಿಕ್ಷಣ ಮಂತ್ರಿಗಳಾಗಿದ್ದವರು ಪ್ರಾ. ರಾಮಕೃಷ್ಣ ಮೋರೆ, ನಮ್ಮ ಚಿಂಚವಡದ ನಾಟ್ಯಗೃಹಕ್ಕೆ ಅವರದೇ ಹೆಸರಿದೆ. ಕರ್ನಾಟಕದ ಕನ್ನಡ ಶಾಲೆಗಳಲ್ಲಿ ಇದು 2007-08ರಲ್ಲಿ ಬಂದಿತು. ಅದಕ್ಕೆ ಮೊದಲು ಎರಡೂ ಕಡೆ ಐದನೆಯ ಇಯತ್ತೆಯಲ್ಲಿ ಎ ಬಿ ಸಿ ಆರಂಭವಾಗುತ್ತಿತ್ತು. ಹಾಗೆ ಐದನೆಯದರಲ್ಲಿ ಆರಂಭಿಸಿ ಕಲಿತ ಮಾಸ್ತರರೂ ಅಕ್ಕೋರೂ ಆರು ವರ್ಷದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಬೇಕಾಯಿತು. ಅವರಿಗೆ ತರಬೇತಿ ಕೊಡಲು ಸಂಸ್ಥೆಗಳು ಇಲ್ಲದಿರಲಿಲ್ಲ. ಹೈದರಾಬಾದಿನಲ್ಲಿ 1958ರಲ್ಲಿ, ಬೆಂಗಳೂರಿನಲ್ಲಿ ದಕ್ಷಿಣದ ರಾಜ್ಯಗಳಿಗಾಗಿ 1963ರಲ್ಲಿ, ಇಂಗ್ಲಿಷ್ ಬೋಧನೆಗೆಂದೇ ಸಂಸ್ಥೆಗಳು ಹುಟ್ಟಿದ್ದವು. ಆದರೆ ಶಾಲೆಗಳು ಲಕ್ಷಗಟ್ಟಲೆ, ಸಂಸ್ಥೆಗಳು ಬೆರಳೆಣಿಕೆ.

ಶಿಕ್ಷಣ ಹಕ್ಕಿನ ಕಾಯಿದೆ 2009ರಲ್ಲಿ ಆಯಿತು. ಅದರ ಮೇರೆಗೆ 2010ರ ಆಗಸ್ಟ್ 23ರ ಅಧಿಸೂಚನೆಯಿಂದ ಒಂದರಿಂದ ಎಂಟರವರೆಗೆ ಕಲಿಸುವವರಿಗೆ ಅರ್ಹತಾ ಪರೀಕ್ಷೆ, ಅಂದರೆ ಎಲ್ಲರೂ ಟಿ.ಇ.ಟಿ. ಎನ್ನುವ ಪರೀಕ್ಷೆ, ಕಡ್ಡಾಯವಾಯಿತು. ಕೇಂದ್ರದ ಪರೀಕ್ಷೆ 2011ರಲ್ಲಿ ಆರಂಭವಾಯಿತು. ಮಹಾರಾಷ್ಟ್ರದ ಪರೀಕ್ಷೆಯನ್ನು ನಮ್ಮ ಪುಣೆಯಲ್ಲಿರುವ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುತ್ತದೆ. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು, ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಹಳೆಯ ಶಿಕ್ಷಕರೂ ಎರಡು ವರ್ಷಗಳೊಳಗೆ ಇದರಲ್ಲಿ ತೇರ್ಗಡೆಯಾಗಬೇಕೆಂದು ತೀರ್ಪು ಕೊಟ್ಟಿತು; ಅಲ್ಪಸಂಖ್ಯಾತರ ಶಾಲೆಗಳ ಪ್ರಶ್ನೆಯನ್ನು ಮಾತ್ರ ದೊಡ್ಡ ಪೀಠಕ್ಕೆ ಒಪ್ಪಿಸಿತು.

ಕೇಂದ್ರದ ಪರೀಕ್ಷೆಯ ರಚನೆ ಹೀಗೆ: 150 ಪ್ರಶ್ನೆ, 150 ನಿಮಿಷ, ತಪ್ಪಿಗೆ ಅಂಕ ಕಡಿತವಿಲ್ಲ. 60 ಪ್ರತಿಶತ, ಎಂದರೆ 90 ಅಂಕ ಬಂದರೆ ತೇರ್ಗಡೆ. ಭಾಷೆಗಳು ಎರಡು, ಒಂದೊಂದಕ್ಕೆ 30 ಅಂಕ. ಅವುಗಳಲ್ಲಿ 15 ಓದಿ ಅರ್ಥಮಾಡಿಕೊಳ್ಳುವುದಕ್ಕೆ, 15 ಭಾಷೆ ಕಲಿಸುವ ಕ್ರಮಕ್ಕೆ. ಪಟ್ಟಿಯಲ್ಲಿರುವ 20 ಭಾಷೆಗಳಲ್ಲಿ ಕನ್ನಡವೂ ಸೇರಿದೆ. ನಿಗಡಿಯಲ್ಲಿ ಬೆಳೆದ ನಮ್ಮ ಹುಡುಗಿಯೊಬ್ಬಳು ಕನ್ನಡವನ್ನು ಮೊದಲನೆಯ ಭಾಷೆಯಾಗಿಯೂ ಇಂಗ್ಲಿಷನ್ನು ಎರಡನೆಯದಾಗಿಯೂ ಆರಿಸಿಕೊಳ್ಳಬಹುದು.

ಭಾಷೆ ಮತ್ತು ಬೋಧನೆಗೆ ಸಮಪಾಲು ಕೊಟ್ಟದ್ದು ಒಳ್ಳೆಯದಾಯಿತು. ಆದರೆ ಇಲ್ಲಿಯೂ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವುದಷ್ಟೇ ಕೆಲಸ. ಅಭ್ಯರ್ಥಿ ಒಂದು ವಾಕ್ಯವನ್ನೂ ಸ್ವತಃ ಬರೆಯಬೇಕಾಗಿಲ್ಲ, ಒಂದು ಮಾತನ್ನೂ ಆಡಬೇಕಾಗಿಲ್ಲ. ಆದುದರಿಂದ ಟಿ.ಇ.ಟಿ. ತೇರ್ಗಡೆಯಾದವರಿಗೆ ತಳಹದಿ ಇದೆಯೆಂದು ನಂಬಬಹುದು; ಗೋಡೆ ಎದ್ದಿದೆಯೋ ಇಲ್ಲವೋ ಎಂಬುದನ್ನು ನೋಡಿಯೇ ಹೇಳಬೇಕು. ಪರೀಕ್ಷೆಗೆ ಓದುತ್ತಿರುವ ತಂಗಿಯರಿಗೆ ಒಂದು ಮಾತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದರ ಜೊತೆಗೆ, ದಿನಕ್ಕೆ ಒಂದು ಪುಟ ಇಂಗ್ಲಿಷನ್ನು ಗಟ್ಟಿಯಾಗಿ ಓದಿರಿ, ಐದು ವಾಕ್ಯ ಸ್ವಂತವಾಗಿ ಬರೆಯಿರಿ, ನೆರೆಮನೆಯ ಮಗುವೊಂದಕ್ಕೆ ಕಾಲು ಗಂಟೆ ಹೇಳಿಕೊಡಿರಿ. ಪರೀಕ್ಷೆ ಕೇಳದ್ದನ್ನು ಮಕ್ಕಳು ಕೇಳುತ್ತಾರೆ.

5. ಈ ಸಲ ನಾವು ಮಾಡತಕ್ಕದ್ದು

ಒಬ್ಬೊಬ್ಬರಿಗೆ ನಲವತ್ತು ನಿಮಿಷ ಸಾಕು. ಮೊದಲ ಹತ್ತು ನಿಮಿಷಗಳಲ್ಲಿ ಕಾರಖಾನೆಯ ಸೂಚನೆಯೊಂದನ್ನು ಗಟ್ಟಿಯಾಗಿ ಓದಿಸಿ, ರಜೆಯ ಅರ್ಜಿಯೊಂದನ್ನು ಬರೆಸಬೇಕು. ಅನಂತರದ ಹತ್ತು ನಿಮಿಷ ಮೇಲಿನ ನಾಲ್ಕು ಪ್ರಶ್ನೆಗಳಿಗೆ. ಇಪ್ಪತ್ತು ನಿಮಿಷ ಆರು ಮಂದಿ ಸದಸ್ಯರಿಗೆ ನಿಜವಾಗಿ ಪಾಠ ಹೇಳಬೇಕು. ನಾವು ಶಿಕ್ಷಕರ ಮುಖ ನೋಡುವುದನ್ನು ಬಿಟ್ಟು ಕಲಿಯುವವರ ಕಡೆ ನೋಡಬೇಕು. ಪಾಠದಲ್ಲಿ ಯಾರು ಹೆಚ್ಚು ಮಾತನಾಡಿದರು? ಹಿಂದಿನ ಸಾಲಿನವನಿಗೆ ಬಾಯಿ ತೆರೆಯುವ ಅವಕಾಶ ಸಿಕ್ಕಿತೇ? ತಪ್ಪಾಡಿದವನು ಮತ್ತೆ ಪ್ರಯತ್ನಿಸಿದನೇ, ಸುಮ್ಮನಾದನೇ? ಕೊನೆಗೆ ಆ ಆರು ಮಂದಿಯನ್ನು, ಇಂದು ಏನು ಕಲಿತಿರಿ ಎಂದು ಕೇಳಬೇಕು.

ಇನ್ನೊಂದು ಎಚ್ಚರಿಕೆಯೂ ಬೇಕು. ಕಳೆದ ಸಲ ಮಾತಿಗೆ ಮರುಳಾದವರು ಈ ಸಲ ಒಳ್ಳೆಯ ಸ್ವಭಾವವೊಂದಕ್ಕೇ ಮರುಳಾಗಬಾರದು. ಅಕ್ಕರೆಯಿಂದ ಕಲಿಸಿದ ತಪ್ಪೂ ತಪ್ಪೇ, ಮತ್ತು ಅದು ಬೇಗ ಅಳಿಸಿಹೋಗುವುದಿಲ್ಲ. ಅರ್ಜಿಯಲ್ಲಿ ಸಾಲಿಗೊಂದು ತಪ್ಪು ಮಾಡುವವರನ್ನು, ಅವರು ಎಷ್ಟೇ ಸಜ್ಜನರಾಗಿರಲಿ, ಈ ಕೆಲಸಕ್ಕೆ ಕರೆಯಬಾರದು. ಆದರೆ ಭಾಷೆ ಶುದ್ಧವಾಗಿದ್ದು ಮಾತು ನಿಧಾನವಾಗಿದ್ದರೆ ಅದೊಂದು ಕೊರತೆಯೆಂದು ತಿಳಿಯಬೇಕಾಗಿಲ್ಲ. ನಮ್ಮಂಥವರಿಗೆ ನಿಧಾನವೇ ಅನುಕೂಲ.

ತಂದೆತಾಯಿಗಳು ಶಿಕವಣಿಯವರಿಗೆ ಇಂಥ ಪರೀಕ್ಷೆ ಮಾಡಲಾರರು. ಆದರೆ ತಿಂಗಳಿಗೊಮ್ಮೆ ಮಗುವಿನ ವಹಿ ತೆರೆದು ನೋಡಬಲ್ಲರು. ಹಲಗೆಯಿಂದ ಇಳಿಸಿಕೊಂಡ ಅಂದವಾದ ಉತ್ತರಗಳೇ ತುಂಬಿದ್ದರೆ ಸಂಶಯಪಡಿರಿ. ಮಗು ಸ್ವಂತವಾಗಿ ಬರೆದ ನಾಲ್ಕು ಸೊಟ್ಟ ವಾಕ್ಯಗಳೂ, ಅವುಗಳ ಪಕ್ಕದಲ್ಲಿ ತಿದ್ದಿದ ಗುರುತೂ ಇದ್ದರೆ ಅಲ್ಲಿ ಪಾಠ ನಡೆಯುತ್ತಿದೆ. ಇದನ್ನು ನೋಡಲು ಇಂಗ್ಲಿಷ್ ಬರಬೇಕಾಗಿಲ್ಲ.

ನಾನು ಗಿರಣಿಯ ಕಾರಕೂನ. ಮ್ಯಾಟ್ರಿಕ್ ಮುಂದೆ ಓದಿದವನಲ್ಲ. ಇದರಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕು. ಬರುವ ರವಿವಾರ ಬೆಳಿಗ್ಗೆ 10 ಗಂಟೆಗೆ ಆಯ್ಕೆ ನಡೆಯಲಿದೆ. ವಿದ್ಯಾರ್ಥಿಗಳಾಗಿ ಕುಳಿತುಕೊಳ್ಳಲು ಆರು ಮಂದಿ ಬೇಕಾಗಿದ್ದಾರೆ. ಆ ಲೇಥ್ ಗೆಳೆಯ ಬರುವುದಾಗಿ ಒಪ್ಪಿದ್ದಾನೆ. ಇನ್ನು ಐವರು ಹೆಸರು ಕೊಡಿರಿ.

ಅಭ್ಯಾಸ

1. "ಬಸ್ಸು ಬಂದಳು" ಎಂಬ ತಪ್ಪಿನ ಕಾರಣವನ್ನು ನಿಮ್ಮ ಮರಾಠಿ ಗೆಳೆಯರಿಗೆ ಬಿಡಿಸಿ ಹೇಳಿರಿ.
2. ನಿಮ್ಮ ಪಾಳಿಯಲ್ಲಿ ನಿನ್ನೆ ನಡೆದ ಮೂರು ಸಂಗತಿಗಳನ್ನು ಇಂಗ್ಲಿಷಿನಲ್ಲಿ ಬರೆದು ತನ್ನಿರಿ.
3. "ಟು ಮಿ ಟು ಚಿಲ್ಡ್ರನ್ ಆರ್" ಎಂಬ ವಾಕ್ಯಕ್ಕೆ ನಾಲ್ಕು ಪ್ರಶ್ನೆಗಳನ್ನೂ ಹಾಕಿ ನೋಡಿರಿ. "ನನಗೆ ಇಬ್ಬರು ಮಕ್ಕಳಿದ್ದಾರೆ" ಎಂಬ ಕನ್ನಡ ವಾಕ್ಯವನ್ನು ಪಕ್ಕದಲ್ಲಿ ಬರೆದುಕೊಂಡರೆ ಮೂರನೆಯ ಪ್ರಶ್ನೆಯ ಉತ್ತರ ಸಿಕ್ಕುತ್ತದೆ.