ಬ್ಯಾಕಪ್ ತಂತ್ರಾಂಶ ಮತ್ತು ಕಡತದ ಹೆಸರು: ವಿಶೇಷ ಚಿಹ್ನೆಗಳ ಬಗ್ಗೆ ಎಚ್ಚರಿಕೆ



ನಾನು ಹಿಂದೆ ಸೇವೆ ಸಲ್ಲಿಸಿದ ಪಂಚಾಯಿತಿಯೊಂದರಲ್ಲಿ ಗಣಕಯಂತ್ರದ ಹಾರ್ಡ್ ಡಿಸ್ಕ್ ಕೆಟ್ಟಿತು. ಬ್ಯಾಕಪ್ ತೆರೆದಾಗ ಉಳಿದ ಕಡತಗಳೆಲ್ಲವೂ ಇದ್ದವು. ‘ನಡವಳಿ[2023]’ ಎಂಬ ಫೋಲ್ಡರ್ ಮಾತ್ರ ಇರಲಿಲ್ಲ. ನಡವಳಿ ಪುಸ್ತಕವನ್ನು ನೋಡಿ ಒಂದು ವರ್ಷದ ನಿರ್ಣಯಗಳನ್ನು ಮತ್ತೆ ಬೆರಳಚ್ಚು ಮಾಡಬೇಕಾಯಿತು. ದೋಷವಿದ್ದುದು ತಂತ್ರಾಂಶದಲ್ಲಲ್ಲ, ನಾನು ಬರೆದ ಮಾದರಿಯಲ್ಲಿ.

ಯಾವ ಕಡತಗಳನ್ನು ಉಳಿಸಬೇಕೆಂದು ತಂತ್ರಾಂಶಕ್ಕೆ ಹೆಸರಿನ ಮಾದರಿಯ ಮೂಲಕ ತಿಳಿಸಲಾಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಈ ಚಿಹ್ನೆಗಳಿಗೆ ವಿಶೇಷಾರ್ಥವಿರುತ್ತದೆ:

1. * : ಎಷ್ಟೇ ಅಕ್ಷರಗಳು. ‘ತೆರಿಗೆ*’ ಎಂದರೆ ‘ತೆರಿಗೆ’ಯಿಂದ ಆರಂಭವಾಗುವ ಎಲ್ಲ ಹೆಸರುಗಳು.

2. ? : ಒಂದೇ ಅಕ್ಷರ. ‘ವಾರ್ಡ್?’ ಎಂಬುದಕ್ಕೆ ‘ವಾರ್ಡ್1’ ಹೊಂದುತ್ತದೆ, ‘ವಾರ್ಡ್10’ ಹೊಂದದು. ಕನ್ನಡದ ‘ಕಾ’ ಯೂನಿಕೋಡ್‌ನಲ್ಲಿ ಎರಡು ಸಂಕೇತಗಳಾದ್ದರಿಂದ ಈ ಚಿಹ್ನೆಯನ್ನು ಅಂಕಿಗಳಿಗಷ್ಟೇ ಬಳಸುವುದು ಕ್ಷೇಮ.

3. [ ] : ಆವರಣದೊಳಗಿನ ಯಾವುದಾದರೂ ಒಂದು ಅಕ್ಷರ. [2023] ಎಂಬುದು ವರ್ಷವಲ್ಲ. 2, 0, 3 ಇವುಗಳಲ್ಲಿ ಒಂದು.

ವಿಂಡೋಸ್ ವ್ಯವಸ್ಥೆಯು ಹೆಸರಿನಲ್ಲಿ * ಮತ್ತು ? ಬಳಸಲು ಬಿಡುವುದಿಲ್ಲ, ಆದರೆ ಚೌಕಾವರಣವನ್ನು ತಡೆಯುವುದಿಲ್ಲ. ಕೆಲವು ತಂತ್ರಾಂಶಗಳಲ್ಲಿ \[2023\] ಎಂದು ಓರೆಗೆರೆ ಸೇರಿಸಿದರೆ ಚಿಹ್ನೆಯ ವಿಶೇಷಾರ್ಥ ಹೋಗುತ್ತದೆ. ಈ ನಿಯಮ ಎಲ್ಲ ತಂತ್ರಾಂಶಗಳಲ್ಲೂ ಒಂದೇ ಅಲ್ಲ. ಆದ್ದರಿಂದ ‘ನಡವಳಿ_2023’ ಎಂಬಂತೆ ಸರಳವಾಗಿ ಹೆಸರಿಡುವುದೇ ಉತ್ತಮ.

ಬ್ಯಾಕಪ್ ‘ಯಶಸ್ವಿ’ ಎಂಬ ಸಂದೇಶವನ್ನಷ್ಟೇ ನಂಬಬಾರದು. ಮಾದರಿಗೆ ಹೊಂದದ ಕಡತವನ್ನು ಬಿಟ್ಟಾಗಲೂ ಅದೇ ಸಂದೇಶ ಬರಬಹುದು. ಪ್ರತಿ ಸಾಮಾನ್ಯ ಸಭೆಗೆ ಮುನ್ನ ಹಳೆಯ ನಡವಳಿಯೊಂದನ್ನು ಬ್ಯಾಕಪ್‌ನಿಂದ ತೆರೆದು ತೋರಿಸುವಂತೆ ಸಿಬ್ಬಂದಿಯನ್ನು ಕೇಳಬೇಕೆಂದು ತಮ್ಮಲ್ಲಿ ವಿನಂತಿ.